ಎದುರಾಳಿಯ ಹೆಸರು

"ಎದುರಾಳಿ ಹೆಸರಿನ ಜಾಗಾ ಖಾಲಿ ಬಿಟ್ಟೀರಲ್ರಿ," ಎಂದು ಬಿಂದುಮಾಧವರು ಸ್ಕೋರ್ ಬೋರ್ಡಿನತ್ತ ಬೆರಳು ಮಾಡಿದರು. ಪಿ.ಟಿ. ಟೀಚರ್ ಕಾಂತಾ ಚಾಕ್‌ಪೀಸು ಹಿಡಿದ ಕೈಯನ್ನು ಕೆಳಗಿಳಿಸಿದಳು. ಒಂಬತ್ತು ವರ್ಷದ ಹಿಂದೆ ಖಾನಾಪುರದ ಫುಟ್‌ಬಾಲ್ ಕ್ಲಬ್ಬನ್ನು ಹೆಸರಿನ ಸಮೇತ ಬೆಳಗಾವಿಗೆ ಎತ್ತಿಕೊಂಡು ಹೋದ ಅಧ್ಯಕ್ಷರು ಇವರೇ. ಊರಲ್ಲಿ ಉಳಿದ ಆಟಗಾರರನ್ನು ಕೂಡಿಸಿ ಹೊಸ ತಂಡ ಕಟ್ಟಿದವಳು ಅವಳು. ಇಂದು ಖಾನಾಪುರದ ಮೈದಾನದಲ್ಲಿ ಎರಡೂ ತಂಡಗಳು ಮೊದಲ ಸಲ ಎದುರಾಗಿದ್ದವು.

"ಇಂಗ್ಲೆಂಡಿನ್ಯಾಗ ವಿಂಬಲ್ಡನ್ ಕ್ಲಬ್ಬನ್ನೂ ಹಿಂಗಽ ಬ್ಯಾರೆ ಊರಿಗೆ ಒಯ್ದಿದ್ರರಿ," ಎಂದಳು ಕಾಂತಾ. "ಅಭಿಮಾನಿಗಳು ತಮ್ಮದಽ ಹೊಸಾ ಕ್ಲಬ್ ಕಟ್ಟಿದ್ರು. ಹಳೇ ತಂಡ ಆಡಾಕ ಬಂದಾಗ ಬೋರ್ಡಿನ ಮ್ಯಾಲೆ ಅದರ ಪೂರ್ತಿ ಹೆಸರು ಬರೀಲೇ ಇಲ್ಲ."

"ಆ ಕತಿ ನನಗ ಬ್ಯಾಡ. ನಮ್ಮ ಹೆಸರಿನ್ಯಾಗ ಇನ್ನೂ ಖಾನಾಪುರ ಅದ. ಬರೀರಿ."

"ನನ್ನ ಕೈ ಬರಿಯೂದಿಲ್ರಿ. ನೀವಽ ಬರೀರಿ."

ಅವರು ಚಾಕ್‌ಪೀಸು ಕಸಿದುಕೊಂಡು 'ಖಾ' ಎಂದು ಬರೆದರು. ಬೆನ್ನ ಹಿಂದಿನ ಗದ್ದಲ ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಊರಿನ ಜನರೆಲ್ಲ ಎದ್ದು ನಿಂತು ಅವರ ಕೈಯನ್ನೇ ನೋಡುತ್ತಿದ್ದರು. ಅವರದೇ ಆಟಗಾರರು ತಲೆ ತಗ್ಗಿಸಿದ್ದರು. ಈ ಗಳಿಗೆಗೆಂದೇ ಇಷ್ಟು ವರ್ಷ ಕಾದಿದ್ದ ಕಾಂತಾ ಅವಸರ ಮಾಡಲಿಲ್ಲ. ಬಿಂದುಮಾಧವರು ಅಂಗೈಯಿಂದ ಆ ಅಕ್ಷರವನ್ನು ಒರೆಸಿ, 'ಬೆಳಗಾವಿ' ಎಂದು ಬರೆದರು.