ರಿಜಿಸ್ಟರ್ ಬರೆದವರು

"ಇಲ್ಲೊಂದು ಸಹಿ ಹಾಕಿಬಿಡಿ ಆಯಮ್ಮ," ಎಂದು ಸಂಶೋಧಕಿ ಅರ್ಜಿಯನ್ನು ಬೆಂಚಿನ ಮೇಲಿಟ್ಟಳು. ಕೈ ಮಾತ್ರ ಅರ್ಜಿಯ ಮೇಲೇ ಉಳಿಯಿತು.

ಅದು ಶಾಲೆಯ ನೆಲಮಾಳಿಗೆ. ಮುರಿದ ಡೆಸ್ಕುಗಳ ನಡುವೆ, ಸಿಮೆಂಟು ಕಟ್ಟೆಯ ಮೇಲೆ ಸಂಶೋಧಕಿ ತಂದಿಟ್ಟ ಭೂಕಂಪ ಅಳೆಯುವ ಯಂತ್ರ ಕೂತಿತ್ತು. ಏಳು ಸಮುದ್ರದಾಚೆ ಭೂಮಿ ಮಗ್ಗುಲು ಬದಲಿಸಿದರೂ ಅದಕ್ಕೆ ಎಚ್ಚರ. ಕಷ್ಟವೆಂದರೆ, ಮೇಲಿನ ಕ್ಲಾಸಿನ ಮಕ್ಕಳು ಕುಣಿದರೂ ಎಚ್ಚರ. ಅದಕ್ಕೆಂದೇ ಆಯಮ್ಮ ಹನ್ನೊಂದು ವರ್ಷಗಳಿಂದ, ಗುಡಿಸುವ ಒರೆಸುವ ಕೆಲಸದ ನಡುನಡುವೆ, ರಿಜಿಸ್ಟರಿನಲ್ಲಿ ಸದ್ದುಗಳನ್ನು ಬರೆದಿಡುತ್ತಿದ್ದಳು: '10.05, ಆರನೇ ಕ್ಲಾಸು ಮೆಟ್ಟಿಲಿಳಿಯಿತು. 11.20, ಡ್ರಿಲ್ ಮೇಷ್ಟ್ರು ಸ್ಕಿಪ್ಪಿಂಗ್ ಆಡಿಸಿದರು. ತಾವೂ ಹಾರಿದರು.' ಈ ನಡುಕಗಳನ್ನೆಲ್ಲ ಕಳೆದ ಮೇಲೆ ಉಳಿದದ್ದು ಭೂಮಿಯದು.

ಆರು ವರ್ಷದ ಹಿಂದೆ ಸಂಶೋಧಕಿ ಆ ರಿಜಿಸ್ಟರನ್ನು ಬೇರೆ ವಿಜ್ಞಾನಿಗಳಿಗೂ ಸಿಗಲೆಂದು ಇಂಟರ್‌ನೆಟ್ಟಿಗೆ ಏರಿಸಿದ್ದಳು. 'ಬರೆದವರು' ಎಂದಿದ್ದ ಕಡೆ ಆಯಮ್ಮನ ಹೆಸರು ಹಾಕಿದ್ದಳು. ಹೆಜ್ಜೆ ಸದ್ದು ಯಾವುದು, ಭೂಕಂಪ ಯಾವುದು ಎಂದು ಕಂಪ್ಯೂಟರಿಗೆ ಕಲಿಸಹೊರಟವರೆಲ್ಲ ಅದಕ್ಕೇ ಬಂದು ಮುತ್ತಿಕೊಂಡರು. ಇವತ್ತಿಗೆ ಅರವತ್ತಮೂರು ಪ್ರಬಂಧಗಳಲ್ಲಿ ಅದರ ಉಲ್ಲೇಖವಿತ್ತು. ಸಂಶೋಧಕಿಯ ಸ್ವಂತ ಪ್ರಬಂಧಗಳಿಗೆ ಸಿಕ್ಕ ಉಲ್ಲೇಖ ಎಲ್ಲ ಸೇರಿ ನಲವತ್ತೊಂದು. ಬಡ್ತಿಗೆ ನೂರು ಬೇಕು. "ರಿಜಿಸ್ಟರನ್ನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಯಂತ್ರ ನಿಮ್ದು, ಯೋಚನೆ ನಿಮ್ದು. ಆಕೆ ಒಂದು ಸಹಿ ಹಾಕಿದ್ರೆ ಮುಗೀತು," ಎಂದು ವಿಶ್ವವಿದ್ಯಾಲಯದಲ್ಲಿ ಅವಳ ವಿಭಾಗದ ಮುಖ್ಯಸ್ಥರು ಬೆಳಿಗ್ಗೆ ಅರ್ಜಿ ಕೊಟ್ಟು ಕಳಿಸಿದ್ದರು.

ಸಂಶೋಧಕಿ ಪ್ರಬಂಧಗಳ ಲೆಕ್ಕ ಹೇಳಿದಾಗ ಆಯಮ್ಮ ಕನ್ನಡಕ ಏರಿಸಿಕೊಂಡಳು. "ಅರವತ್ತಮೂರು ಜನ ಓದಿದಾರಾ? ನನ್ನ ಸಾಮಾನಿನ ಚೀಟಿ ನಮ್ಮನೆಯವರಿಗೇ ಓದೋಕಾಗಲ್ಲ!"

"ನಾನು ಟೈಪ್ ಮಾಡಿ, ಅವರ ಭಾಷೆಗೆ ತಿರುಗಿಸಿ ಹಾಕಿದ್ದೆ."

"ಮೇಷ್ಟ್ರು ಹಾರಿದ್ದೂ?"

"ಅದೂನೂ."

ಆಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕಳು. ಪಕ್ಕದ ಪರದೆಯ ಮೇಲೆ ಗೆರೆ ಸಣ್ಣಗೆ ನಡುಗಿತು.

"ಈಗ ನಿಮ್ಮ ಹೆಸರು ತೆಗೆದು ನಂದು ಹಾಕ್ಬೇಕಂತೆ, ಆಯಮ್ಮ. ಬಡ್ತಿಗೆ." ಸಂಶೋಧಕಿ ಇದನ್ನು ನೆಲಕ್ಕೆ ಹೇಳಿದಳು.

"ಅಷ್ಟೇನಾ? ಅದಕ್ಯಾಕೆ ಮುಖ ಹಿಂಗೆ ಮಾಡ್ಕೊಂಡಿದೀರಿ? ಆ ಅರವತ್ತಮೂರು ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?" ಆಯಮ್ಮ ಪೆನ್ನಿನ ಮುಚ್ಚಳ ತೆಗೆದಳು. ಅರ್ಜಿಯ ಮೇಲೆ ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು. "ಆದ್ರೆ ಇದು ತಪ್ಪಲ್ವಾ ಮೇಡಂ? ಬರೆದವರು ಅಂತ ನನ್ನೊಬ್ಬಳದೇ ಹೆಸರಿದೆ."

'ನಿಮ್ಮ ಹೆಸರೂ ಸೇರಬೇಕಿತ್ತು' ಎನ್ನುತ್ತಾಳೇನೋ ಎಂದು ಸಂಶೋಧಕಿಯ ಎದೆ ಒಂದು ಕ್ಷಣ ಹಗುರಾಯಿತು.

"ಮೂರನೇ ವರ್ಷ ನಾನು ಕಾಲು ಮುರ್ಕೊಂಡಿದ್ದೆ ನೋಡಿ, ಆಗ ನಲವತ್ತು ದಿನ ನಮ್ಮ ನಾದಿನಿ ಬಂದು ಬರೆದಳು. ನಂಗೂ ಅವಳಿಗೂ ಮಾತು ಬಿಟ್ಟು ಐದು ವರ್ಷ ಆಯ್ತು, ಒಂದು ಕುಕ್ಕರಿನ ವಿಷಯಕ್ಕೆ. ಆದ್ರೂ ಅವಳು ಬರೆದದ್ದು ಅವಳದೇ ತಾನೆ? ಇಷ್ಟು ದಿನ ಊರೂರೆಲ್ಲ ನನ್ನ ಹೆಸರಲ್ಲಿ ತಿರುಗ್ತಿದೆ ಅಂದ್ರೆ, ಥೂ, ಹೇಗಿರುತ್ತೆ ಹೇಳಿ. ಮೊದಲು ಅವಳ ಹೆಸರು ಹಾಕಿಸಿ. ಆಮೇಲೆ ಯಾರದು ತೆಗೀತೀರೋ ತೆಗೀರಿ, ನಾನು ಸಹಿ ಹಾಕ್ತೀನಿ."

ಸಂಶೋಧಕಿ ಹಳೆಯ ರಿಜಿಸ್ಟರನ್ನು ಕಪಾಟಿನಿಂದ ತೆಗೆದು ಹುಡುಕಿದಳು. ನಲವತ್ತು ದಿನ, ದುಂಡಗಿನ ಬೇರೆಯೇ ಅಕ್ಷರ. 'ಇವತ್ತು ಯಾರೂ ಓಡಲಿಲ್ಲ. ಪರೀಕ್ಷೆ.' ಟೈಪು ಮಾಡುವಾಗ ಅವಳಿಗೆ ಇದು ಕಂಡಿತ್ತು. ಆಯಮ್ಮ ಪೆನ್ನು ಬದಲಿಸಿರಬೇಕು ಅಂದುಕೊಂಡು ಮುಂದೆ ಹೋಗಿದ್ದಳು. ಒಂದು ಫೋನು ಮಾಡಿ ಕೇಳಿರಲಿಲ್ಲ.

ಅವಳು ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು. 'ತೆಗೆಯಬೇಕಾದ ಹೆಸರು' ಎಂಬಲ್ಲಿ ಬರೆದದ್ದನ್ನು ಉದ್ದಕ್ಕೆ ಹೊಡೆದುಹಾಕಿದಳು. 'ಸೇರಿಸಬೇಕಾದ ಹೆಸರು' ಎಂಬಲ್ಲಿದ್ದ ತನ್ನ ಹೆಸರನ್ನೂ ಹೊಡೆದು, "ನಿಮ್ಮ ನಾದಿನಿ ಪೂರ್ತಿ ಹೆಸರು ಹೇಳಿ," ಎಂದಳು.

ಆಯಮ್ಮ ಹೇಳಿದಳು. "ಇನಿಷಿಯಲ್ ಬಿಡ್ಬೇಡಿ ಮತ್ತೆ, ಅದಕ್ಕೂ ಜಗಳಕ್ಕೆ ಬರ್ತಾಳೆ," ಎನ್ನುತ್ತ ಸಹಿ ಹಾಕಿ, ತಲೆಯೆತ್ತಿ ಕೇಳಿದಳು: "ನಿಮ್ಮ ಬಡ್ತಿ?"

"ನಲವತ್ತೊಂದು ಇದೆಯಲ್ಲ ಆಯಮ್ಮ. ನಿಧಾನಕ್ಕೆ ಬೆಳೆಯುತ್ತೆ."

ಮೆಟ್ಟಿಲು ಹತ್ತುವಾಗ ಸಂಶೋಧಕಿಗೆ, ಯಾಕೋ, ಒಂದೊಂದು ಮೆಟ್ಟಿಲು ಬಿಟ್ಟು ಹಾರಬೇಕೆನ್ನಿಸಿತು. ಅಷ್ಟರಲ್ಲಿ ಮುಖ್ಯಸ್ಥರ ಫೋನು ಬಂತು.

"ಏನಾಯ್ತು? ಹೆಸರು ಸರಿ ಮಾಡಿಸಿದ್ರಾ?"

"ಆಯ್ತು ಸರ್," ಎಂದಳು. "ಒಬ್ಬರದು ಬಿಟ್ಟುಹೋಗಿತ್ತು. ಸೇರಿಸಿದೆ."