ಕೆಂಪು ಬಿದ್ದ ವಾಕ್ಯಗಳು

ಹರಾಜುಗಾರನಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಟೊಮೇಟೊ ಕೂಗಿದ ಗಂಟಲು ಅದು. ನಾಳೆ ಬೆಳಿಗ್ಗೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯೂ ಹೋಗುತ್ತದೆ. ಅಷ್ಟರೊಳಗೆ ಇನ್ನೂರು ವಾಕ್ಯ ಓದಿಕೊಟ್ಟರೆ ಕಂಪ್ಯೂಟರು ಅವನ ಧ್ವನಿ ಕಲಿಯುತ್ತದೆ, ಮುಂದೆ ಫೋನಿನಲ್ಲಿ ಅವನು ಬರೆದದ್ದನ್ನೆಲ್ಲ ಅದೇ ಧ್ವನಿಯಲ್ಲಿ ಹೇಳುತ್ತದೆ ಎಂದಿದ್ದರು ಆಸ್ಪತ್ರೆಯವರು.

"ಇಷ್ಟೇ ಇಷ್ಟು ಮೈಕು. ಇವರ ಗಂಟಲು ಇದರೊಳಗೆ ಹಿಡಿಸುತ್ತಾ?" ಹೆಂಡತಿ ಬಗ್ಗಿ ಬಗ್ಗಿ ನೋಡಿದಳು.

"ಹಿಡಿಸುತ್ತೆ ಅಮ್ಮ, ಮುಟ್ಟಬೇಡಿ," ಎಂದಳು ಟೆಕ್ನಿಷಿಯನ್ ಹುಡುಗಿ. "ಸಾರ್, ಶುರು ಮಾಡಿ."

"ದಯವಿಟ್ಟು ನನಗೆ ಒಂದು ಲೋಟ ನೀರು ಕೊಡಿ!"

ಪರದೆಯ ಮೇಲೆ ಕೆಂಪು ಗುರುತು ಬಿತ್ತು.

"ಕೂಗಿದ್ರೆ ಅದು ತಗೊಳ್ಳಲ್ಲ ಸಾರ್."

"ನಾನೆಲ್ಲಮ್ಮ ಕೂಗ್ದೆ?"

"ಪಕ್ಕದ ರೂಮಿನೋರು ನೀರು ತಂದುಬಿಟ್ಟಾರು, ಸ್ವಲ್ಪ ಮೆಲ್ಲಗೆ," ಎಂದಳು ಹೆಂಡತಿ.

ಮತ್ತೆ ಓದಲು ಹೋಗಿ ನಡುವೆ ಅವನಿಗೆ ನಗು ಬಂತು. ಅದಕ್ಕೂ ಕೆಂಪು. "ಈ ದಯವಿಟ್ಟು ಗಿಯವಿಟ್ಟು ನಾನು ಅಂದವನೇ ಅಲ್ಲ ಕಣಮ್ಮ. ಹೀಗೆ ಕೇಳಿದ್ರೆ ಇವಳು ಗಾಬರಿಬಿದ್ದು ಡಾಕ್ಟರನ್ನ ಕರೀತಾಳೆ!"

ಸಂಜೆಯ ಹೊತ್ತಿಗೆ ಅವನು ಕಲಿತಿದ್ದ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓದಿದರೆ ಕೂಗು ಬರುತ್ತಿರಲಿಲ್ಲ. ಇನ್ನೂರು ಹಸಿರು ಗುರುತು ಪೂರ್ತಿಯಾದವು.

ಎರಡು ತಿಂಗಳ ನಂತರ ತಪಾಸಣೆಗೆ ಬಂದರು. ಕತ್ತಿನ ತೂತಿನ ಮೇಲೆ ಬಿಳಿ ಬಟ್ಟೆ. ಹೇಗಿದ್ದೀರಿ ಎಂದು ಹುಡುಗಿ ಕೇಳಿದ್ದಕ್ಕೆ ಅವನು ಫೋನು ಒತ್ತಿದ. "ಚೆನ್ನಾಗಿದ್ದೇನೆ. ಧನ್ಯವಾದ," ಎಂದಿತು ಅವನದೇ ಧ್ವನಿ.

"ನೋಡಿದ್ಯಾ?" ಎಂದಳು ಹೆಂಡತಿ. "ಧ್ವನಿ ಇವರದೇ, ಸುಳ್ಳು ಹೇಳಬಾರದು. ಆದ್ರೆ ಮನೇಲಿ ಯಾರೋ ಬ್ಯಾಂಕಿನೋರು ಬಂದು ಕೂತ ಹಾಗಿದೆ. ವಾಲ್ಯೂಮ್ ಏರಿಸಿದ್ರೂ ಮೆಲ್ಲಗಿನ ಮಾತೇ ಜೋರಾಗಿ ಕೇಳುತ್ತೆ, ಕೂಗಿದ ಹಾಗಲ್ಲ. ಅವತ್ತು ಕೆಂಪು ಬಿದ್ದವಲ್ಲ, ಅವನ್ನ ಇದಕ್ಕೆ ಹಾಕಿಕೊಡು."

"ಅವನ್ನ ಅದು ಆಗಿಂದಾಗಲೇ ಅಳಿಸಿಬಿಡುತ್ತೆ ಅಮ್ಮ."

"ಎಷ್ಟಿದ್ದವು?"

ಹುಡುಗಿ ಅವತ್ತಿನ ಲೆಕ್ಕ ಹುಡುಕಿ, ಪರದೆಯನ್ನು ಅವರತ್ತ ತಿರುಗಿಸಿದಳು. ಉಳಿದದ್ದು ಇನ್ನೂರು. ಅಳಿಸಿದ್ದು ಮುನ್ನೂರ ಹನ್ನೆರಡು. ಅದರಲ್ಲಿ ಕೂಗಿದ್ದು ಇನ್ನೂರ ತೊಂಬತ್ತಮೂರು, ನಕ್ಕದ್ದು ಹತ್ತೊಂಬತ್ತು.