ಹಂಚಿಕೆ

ದೊಡ್ಡ ದೇಶದ ರಾಯಭಾರಿ ತನ್ನ ಟೀ ಕಪ್ಪನ್ನು ಮೇಜಿನ ಮೇಲೆ ಹಾಸಿದ್ದ ನಕಾಶೆಯಲ್ಲಿ, ಸರಿಯಾಗಿ ಬಂದರಿನ ಗುರುತಿನ ಮೇಲೆಯೇ ಇಟ್ಟ. "ಬಂದರಿನ ಉತ್ತರ ಭಾಗ ನಮಗಿರಲಿ, ದಕ್ಷಿಣದ್ದು ನಿಮಗೆ," ಎಂದ. ನಿನ್ನೆಮೊನ್ನೆಯವರೆಗೂ ಅವನೊಂದಿಗೆ ಹಾವು ಮುಂಗುಸಿಯಂತಿದ್ದ ಇನ್ನೊಂದು ದೊಡ್ಡ ದೇಶದ ರಾಯಭಾರಿ ನಗುತ್ತ ತಲೆಯಾಡಿಸಿದ. ಆ ಬಂದರು ಯಾರ ನೆಲದಲ್ಲಿತ್ತೋ ಆ ದೇಶದ ವಿದೇಶಾಂಗ ಸಚಿವೆ ಎದುರಿಗೇ ಕೂತಿದ್ದಳು. ಇಬ್ಬರೂ ಅವಳ ಮುಖ ಕೂಡ ನೋಡಲಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಒಬ್ಬರಿಂದ ಗೋಧಿ, ಇನ್ನೊಬ್ಬರಿಂದ ತೈಲ ತರಿಸುತ್ತ, ಯಾರ ಯುದ್ಧನೌಕೆಗೂ ಜಾಗ ಕೊಡದೆ ಇಷ್ಟು ವರ್ಷ ಹೇಗೋ ನಿಭಾಯಿಸಿದ್ದಳು. ಪಕ್ಕದಲ್ಲಿದ್ದ ಕಾರ್ಯದರ್ಶಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ: "ಹೂಂ ಅಂದ್ಬಿಡಿ ಮೇಡಂ. ಇಬ್ಬರನ್ನೂ ಒಟ್ಟಿಗೆ ಎದುರು ಹಾಕ್ಕೊಂಡ್ರೆ ನಮ್ಮ ಗತಿಯೇನು?"

ಸಚಿವೆ ಎದ್ದು, ಕಪ್ಪನ್ನು ಎತ್ತಿ ರಾಯಭಾರಿಯ ಕೈಗೇ ಕೊಟ್ಟಳು. "ಜಗಳ ಆಡುವಾಗ ನಮ್ಮ ಕಡೆ ಬನ್ನಿ ಅಂತ ಇಬ್ಬರೂ ಪ್ರಾಣ ತಿಂದ್ರಿ. ರಾಜಿಯಾದ ತಕ್ಷಣ ನಮ್ಮನ್ನೇ ಹಂಚ್ಕೋತೀರಾ? ಇದೇನು ನಿಮ್ಮಪ್ಪನ ಮನೆ ಆಸ್ತೀನಾ?"

"ಗೋಧಿ ಹಡಗು ಇನ್ನೂ ದಾರಿಯಲ್ಲಿದೆ ಮೇಡಂ," ಕಪ್ಪು ಹಿಡಿದಿದ್ದ ರಾಯಭಾರಿ ಮೆಲ್ಲಗೆ ಹೇಳಿದ. "ವಾಪಸ್ ಕರೆಸ್ಲಾ?"

ಊರೂರಿನ ಖಾಲಿ ಉಗ್ರಾಣಗಳು ಸಚಿವೆಯ ಕಣ್ಣ ಮುಂದೆ ಬಂದವು. ಉತ್ತರ ಕೊಟ್ಟದ್ದು ಕಾರ್ಯದರ್ಶಿ. ಅಷ್ಟು ಹೊತ್ತೂ ಹೆದರಿ ಮುದುಡಿದ್ದವನು ಧಡಕ್ಕನೆ ಎದ್ದು ಹೋಗಿ ಬಾಗಿಲನ್ನು ಅಗಲವಾಗಿ ತೆಗೆದು ಹಿಡಿದ.

"ಕರೆಸ್ಕೊಳ್ಳಿ ಸ್ವಾಮಿ," ಎಂದ. ಅವನ ದನಿ ನಡುಗುತ್ತಿತ್ತು, ಆದರೆ ಭಯದಿಂದಲ್ಲ. "ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡಾದ್ರೂ ಇರ್ತೀವಿ. ಮೊದಲು ನೀವಿಬ್ರೂ ಹೊರಡಿ."